ಪ್ಯಾನೆಲ್ ವೋಲ್ಟೇಜ್ ಕಡಿಮೆ ತೋರಿಸ್ತಿದೆಯಾ? ಹೊಸ ಪ್ಲೇಟ್ ತರುವ ಮೊದಲು ಹೀಗೆ ಪರೀಕ್ಷಿಸಿ

“ಪ್ಲೇಟ್ ಮ್ಯಾಲೆ 22 ವೋಲ್ಟ್ ಅಂತ ಬರದೈತ್ರಿ, ಕಂಟ್ರೋಲರ್‌ನ್ಯಾಗ 13 ತೋರಸ್ತೈತಿ. ಪ್ಲೇಟ್ ಹೋಗೈತೇನ್ರಿ?”

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯಿಂದ ನನಗೆ ಬರುವ ಸೋಲಾರ್ ಪ್ರಶ್ನೆಗಳಲ್ಲಿ ಇದೇ ಹೆಚ್ಚು. ಪ್ಲೇಟ್ ಅಂದರೆ ಸೋಲಾರ್ ಪ್ಯಾನೆಲ್. ಕಂಟ್ರೋಲರ್ ಅಂದರೆ ಪ್ಲೇಟ್‌ಗೂ ಬ್ಯಾಟರಿಗೂ ಮಧ್ಯೆ ಕೂತು ಚಾರ್ಜ್ ನೋಡಿಕೊಳ್ಳುವ ಡಬ್ಬಿ. ಬೇಸಿಗೆ ಬಂತೆಂದರೆ ಇನ್ನೂ ಜಾಸ್ತಿ. ಹೊಲದ ಮನೆಗೆ ಎರಡು ಲೈಟು, ಒಂದು ಫ್ಯಾನ್ ಹಾಕಿಕೊಂಡವರು ಕೇಳುತ್ತಾರೆ. ಕುರಿ ದೊಡ್ಡಿಗೆ ಬೆಳಕು ಮಾಡಿಕೊಂಡವರು, ಬೇಲಿಗೆ ಝಟ್ಕಾ ಮಷೀನ್ ಕೂರಿಸಿದವರು ಕೇಳುತ್ತಾರೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. 13 ವೋಲ್ಟ್ ತೋರಿಸಿದ ಮಾತ್ರಕ್ಕೆ ಪ್ಲೇಟ್ ಹೋಗಿದೆ ಅಂತ ಅರ್ಥ ಅಲ್ಲ. ಬಹಳ ಸಲ ಅದೇ ಸರಿಯಾದ ಲೆಕ್ಕ. ಹಾಗೆಯೇ 21 ವೋಲ್ಟ್ ತೋರಿಸಿತು ಅಂತ ಪ್ಲೇಟ್ ಚೆನ್ನಾಗಿದೆ ಎಂದೂ ಅಲ್ಲ. ಎಲ್ಲಿ ಅಳೆದಿರಿ, ಯಾವ ಹೊತ್ತಿನಲ್ಲಿ ಅಳೆದಿರಿ, ಆಗ ತಂತಿಗೆ ಏನು ಜೋಡಿಸಿತ್ತು, ಇವೆಲ್ಲ ಸೇರಿದರೇ ಆ ಅಂಕಿಗೆ ಒಂದು ಅರ್ಥ ಬರುತ್ತದೆ. ಇದು ತಿಳಿಯದೆ ಮೊದಲು ಬ್ಯಾಟರಿ, ಆಮೇಲೆ ಪ್ಲೇಟ್, ಕೊನೆಗೆ ಕಂಟ್ರೋಲರ್ ಬದಲಿಸಿ, ತಪ್ಪು ಮಾತ್ರ ಒಂದು ಜೋಡಣೆಯಲ್ಲಿ ಉಳಿದಿದ್ದನ್ನು ನೋಡಿದ್ದೇನೆ. ಹತ್ತಿ ಮಾರಿದ ದುಡ್ಡು ಹಾಗೆ ಹೋಗಬಾರದು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಒಂದು ಎಚ್ಚರಿಕೆ ಮೊದಲೇ ಇರಲಿ. ಇದು 12 ಅಥವಾ 24 ವೋಲ್ಟ್ ಬ್ಯಾಟರಿ ಇರುವ ಚಿಕ್ಕ ವ್ಯವಸ್ಥೆಗೆ ಮಾತ್ರ. ಬೋರ್‌ವೆಲ್ ಮೋಟರ್ ನಡೆಸುವ ಸೋಲಾರ್ ಪಂಪ್‌ಸೆಟ್‌ನಲ್ಲಿ ಪ್ಲೇಟ್‌ಗಳನ್ನು ಸಾಲಾಗಿ, ಅಂದರೆ ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ, ಜೋಡಿಸಿರುತ್ತಾರೆ. ಅಲ್ಲಿ ನೂರಾರು ವೋಲ್ಟ್ ಡಿಸಿ ಇರುತ್ತದೆ, ಮುಟ್ಟಿದರೆ ಜೀವ ಹೋಗುತ್ತದೆ. ಅದಕ್ಕೆ ಕಂಪನಿಯ ಮೆಕ್ಯಾನಿಕ್ ಬರಲಿ. ಮನೆ ಮಾಳಿಗೆ ಮೇಲಿನ ದೊಡ್ಡ ಗ್ರಿಡ್ ಸೋಲಾರ್‌ಗೂ ಇದೇ ಮಾತು.

ಏನೇನು ಬೇಕು

ಒಂದು ಡಿಜಿಟಲ್ ಮಲ್ಟಿಮೀಟರ್. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮೀಟರ್ ಸಾಕು. ಒಂದು ಸ್ಕ್ರೂಡ್ರೈವರ್, ಒಂದು ದಪ್ಪ ಚಾದರ ಅಥವಾ ತಾಡಪಾಲು, ಒಂದು ಒಣ ಬಟ್ಟೆ, ಬರೆದುಕೊಳ್ಳಲು ಹಾಳೆ. ಕ್ಲ್ಯಾಂಪ್ ಮೀಟರ್ ಇದ್ದರೆ ಒಳ್ಳೆಯದು. ಆದರೆ ಅದು ಡಿಸಿ ಅಳೆಯುವಂಥದ್ದಾಗಿರಬೇಕು. ಎಸಿ ಮಾತ್ರ ಅಳೆಯುವ ಕ್ಲ್ಯಾಂಪ್ ಹಾಕಿದರೆ ಸೋಲಾರ್ ತಂತಿಯಲ್ಲಿ ಸೊನ್ನೆಯೇ ಕಾಣುತ್ತದೆ. ಆಗ ಕರೆಂಟ್ ಹರಿಯುತ್ತಿಲ್ಲ ಅಂದುಕೊಂಡುಬಿಡುತ್ತೀರಿ.

ಮೀಟರ್ ಹಿಡಿಯುವುದರಲ್ಲೇ ಮೂರು ತಪ್ಪು ಆಗುತ್ತವೆ.

ಮೊದಲನೆಯದು, ಎಸಿ ಗುರುತಿನಲ್ಲಿ ಇಟ್ಟು ಅಳೆಯುವುದು. ವಿ ಅಕ್ಷರದ ಪಕ್ಕ ಒಂದು ನೇರ ಗೆರೆ, ಅದರ ಕೆಳಗೆ ತುಂಡು ಗೆರೆ ಇದ್ದರೆ ಅದು ಡಿಸಿ. ಅಲೆಯಂಥ ಗೆರೆ ಇದ್ದರೆ ಎಸಿ. ನಮಗೆ ಬೇಕಾದ್ದು ಡಿಸಿ.

ಎರಡನೆಯದು, ಮೀಟರ್‌ನ ತಿರುಗಿಸುವ ಗುಬ್ಬಿಯನ್ನು 20ಕ್ಕೆ ಇಡುವುದು. 12 ವೋಲ್ಟ್ ಪ್ಲೇಟ್‌ನಿಂದ ಏನೂ ಜೋಡಿಸದಿದ್ದಾಗ 21 ವೋಲ್ಟ್ ಬರುತ್ತದಲ್ವಾ? ಮೀಟರ್ ಅಳತೆ ಮೀರಿದಾಗ ಪರದೆಯ ಎಡಗಡೆ ಬರೀ “1” ಅಂತ ಕಾಣುತ್ತದೆ. ಜನ ಅದನ್ನು ಒಂದು ವೋಲ್ಟ್ ಅಂತ ಓದಿಬಿಡುತ್ತಾರೆ. ಗುಬ್ಬಿ 200ಕ್ಕೆ ಇಡಿ.

ಮೂರನೆಯದು ಅಪಾಯದ್ದು. ಕೆಂಪು ಕಡ್ಡಿಯನ್ನು 10 ಆಂಪ್ ತೂತಿನಲ್ಲೇ ಬಿಟ್ಟು ಬ್ಯಾಟರಿ ವೋಲ್ಟೇಜ್ ಅಳೆಯಲು ಹೋಗುವುದು. ಆ ತೂತಿನಲ್ಲಿದ್ದಾಗ ಮೀಟರ್ ಒಂದು ತಂತಿ ತುಂಡಿನ ಹಾಗೆ. ಬ್ಯಾಟರಿಗೆ ಮುಟ್ಟಿಸಿದ ಕ್ಷಣ ಶಾರ್ಟ್ ಆಗಿ ಕಿಡಿ ಹಾರುತ್ತದೆ, ಕಡ್ಡಿ ಕರಗುತ್ತದೆ, ಕೈ ಸುಡುತ್ತದೆ. ಪ್ರತಿ ಸಲ ಮುಟ್ಟಿಸುವ ಮುಂಚೆ ಕೆಂಪು ಕಡ್ಡಿ ಯಾವ ತೂತಿನಲ್ಲಿದೆ ಅಂತ ಕಣ್ಣಿಟ್ಟು ನೋಡಿ.

ಲೇಬಲ್ ಓದುವುದು

ಪ್ಲೇಟ್‌ನ ಹಿಂದೆ ಒಂದು ಲೇಬಲ್ ಇರುತ್ತದೆ. ಅದರಲ್ಲಿ ನಮಗೆ ಬೇಕಾದ್ದು ಮೂರೇ ಅಂಕಿ.

ವಿಓಸಿ ಅಂದರೆ ಪ್ಲೇಟ್‌ಗೆ ಏನೂ ಜೋಡಿಸದೆ, ತಂತಿ ಬಿಚ್ಚಿಟ್ಟಾಗ ಬರುವ ವೋಲ್ಟೇಜ್. ಖಾಲಿ ವೋಲ್ಟೇಜ್ ಅನ್ನೋಣ. ವಿಎಂಪಿ ಅಂದರೆ ಪ್ಲೇಟ್ ಪೂರ್ತಿ ಶಕ್ತಿ ಕೊಡುತ್ತಿರುವಾಗ ಇರುವ ವೋಲ್ಟೇಜ್. ದುಡಿಯುವ ವೋಲ್ಟೇಜ್ ಅನ್ನೋಣ. ಐಎಸ್‌ಸಿ ಅಂದರೆ ಎರಡೂ ತಂತಿ ಒಂದಕ್ಕೊಂದು ಮುಟ್ಟಿಸಿದರೆ ಹರಿಯುವ ಕರೆಂಟ್, ಆಂಪ್ ಲೆಕ್ಕದಲ್ಲಿ.

ಲೇಬಲ್ ಬಿಸಿಲಿಗೆ ಅಳಿಸಿಹೋಗಿದ್ದರೆ ಮುಂದಿನಿಂದ ಸೆಲ್, ಅಂದರೆ ಗಾಜಿನ ಕೆಳಗೆ ಕಾಣುವ ಒಂದೊಂದು ತುಂಡು, ಎಣಿಸಿ. ಒಂದು ಸೆಲ್‌ಗೆ ಖಾಲಿ ವೋಲ್ಟೇಜ್ ಸುಮಾರು 0.6. 36 ಸೆಲ್ ಇದ್ದರೆ 12 ವೋಲ್ಟ್ ಪ್ಲೇಟ್, ಖಾಲಿ 21ರಿಂದ 22, ದುಡಿಯುವಾಗ 18ರ ಆಸುಪಾಸು. 72 ಸೆಲ್ ಇದ್ದರೆ 24 ವೋಲ್ಟ್ ಪ್ಲೇಟ್, ಖಾಲಿ 44ರಿಂದ 46, ದುಡಿಯುವಾಗ 37. 60 ಸೆಲ್ ಇದ್ದರೆ ಖಾಲಿ 38, ದುಡಿಯುವಾಗ 31. ಇದು 12ಕ್ಕೂ ಸೇರದ, 24ಕ್ಕೂ ಸೇರದ ಪ್ಲೇಟ್. ಇದರ ಕಥೆ ಮುಂದೆ ಬರುತ್ತದೆ. ಈಗಿನ ಹೊಸ ಪ್ಲೇಟ್‌ಗಳಲ್ಲಿ ಸೆಲ್‌ಗಳನ್ನು ಅರ್ಧ ಕತ್ತರಿಸಿ ಕೂರಿಸಿರುತ್ತಾರೆ. ಅಲ್ಲಿ 144 ಎಣಿಸಿದರೆ 72 ಅಂತ, 120 ಎಣಿಸಿದರೆ 60 ಅಂತ ತಿಳಿಯಿರಿ.

ಕಂಟ್ರೋಲರ್ ಯಾವುದು?

ಇದೊಂದು ಗೊತ್ತಾದರೆ ಅರ್ಧ ಗೊಂದಲ ಕಳೆಯುತ್ತದೆ.

ಪಿಡಬ್ಲ್ಯೂಎಂ ಅನ್ನುವ ಅಗ್ಗದ ಕಂಟ್ರೋಲರ್ ಒಂದು ಸ್ವಿಚ್ ಇದ್ದ ಹಾಗೆ. ಬ್ಯಾಟರಿ ಹಸಿದಿದ್ದಾಗ ಅದು ಪ್ಲೇಟನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿಬಿಡುತ್ತದೆ. ಆಗ ಪ್ಲೇಟ್ ವೋಲ್ಟೇಜ್ ಬ್ಯಾಟರಿ ವೋಲ್ಟೇಜ್‌ಗೆ ಇಳಿದು ಕೂರುತ್ತದೆ. ಬ್ಯಾಟರಿ 12.8 ಇದ್ದರೆ ಪ್ಲೇಟ್ ತಂತಿಯಲ್ಲೂ 13ರ ಹತ್ತಿರ. ಕಾಲುವೆ ನೀರು ಗದ್ದೆಗೆ ಬಿಟ್ಟ ಮೇಲೆ ಎರಡೂ ಕಡೆ ಒಂದೇ ಮಟ್ಟಕ್ಕೆ ಬರುವುದಿಲ್ವಾ, ಹಾಗೆ. ಮೇಲಿನ ಪ್ರಶ್ನೆಯಲ್ಲಿದ್ದ 13 ವೋಲ್ಟ್ ಇದೇ. ಅದು ಪ್ಲೇಟ್ ದುಡಿಯುತ್ತಿರುವ ಗುರುತು.

ಬ್ಯಾಟರಿ ತುಂಬುತ್ತ ಬಂದಾಗ ಈ ಸ್ವಿಚ್ ಬೇಗ ಬೇಗ ಮುಚ್ಚಿ ತೆರೆಯುತ್ತದೆ. ಆಗ ಮೀಟರ್ ಅಂಕಿ 14ಕ್ಕೂ 20ಕ್ಕೂ ಮಧ್ಯೆ ಕುಣಿಯುತ್ತದೆ. ಪೂರ್ತಿ ತುಂಬಿದ ಮೇಲೆ 20ರ ಹತ್ತಿರ ನಿಲ್ಲುತ್ತದೆ. ಇದೂ ಸರಿಯೇ.

ಎಂಪಿಪಿಟಿ ಅನ್ನುವುದು ದುಬಾರಿ ಕಂಟ್ರೋಲರ್. ಅದು ಪ್ಲೇಟನ್ನು ದುಡಿಯುವ ವೋಲ್ಟೇಜ್‌ನಲ್ಲೇ ಇಟ್ಟುಕೊಂಡು, ಒಳಗೆ ವೋಲ್ಟೇಜ್ ಇಳಿಸಿ ಕರೆಂಟ್ ಹೆಚ್ಚಿಸಿ ಬ್ಯಾಟರಿಗೆ ಕೊಡುತ್ತದೆ. ಇದರಲ್ಲಿ ಬ್ಯಾಟರಿ ಹಸಿದಿದ್ದಾಗಲೂ ಪ್ಲೇಟ್ ಕಡೆ ವೋಲ್ಟೇಜ್ ಮೇಲೆಯೇ ಇರಬೇಕು.

ಮಾರುಕಟ್ಟೆಯಲ್ಲಿ ಡಬ್ಬಿ ಮೇಲೆ ಎಂಪಿಪಿಟಿ ಅಂತ ಅಚ್ಚು ಹಾಕಿ ಒಳಗೆ ಪಿಡಬ್ಲ್ಯೂಎಂ ಇಟ್ಟು ಮಾರುವ ಅಗ್ಗದ ಮಾಲು ಬೇಕಾದಷ್ಟಿದೆ. ಹಿಡಿಯುವುದು ಸುಲಭ. ರಾತ್ರಿ ಲೈಟು, ಫ್ಯಾನ್ ಹಾಕಿ ಬ್ಯಾಟರಿ ಸ್ವಲ್ಪ ಇಳಿಸಿ. ಮರುದಿನ ಒಳ್ಳೆ ಬಿಸಿಲಲ್ಲಿ ಕಂಟ್ರೋಲರ್‌ನ ಪ್ಯಾನೆಲ್ ಟರ್ಮಿನಲ್ ಅಳೆಯಿರಿ, ಹಾಗೇ ಬ್ಯಾಟರಿ ಟರ್ಮಿನಲ್ ಅಳೆಯಿರಿ. ಎರಡರ ಮಧ್ಯೆ ಅರ್ಧ ವೋಲ್ಟ್ ಅಂತರವೂ ಇಲ್ಲದಿದ್ದರೆ ಅದು ಪಿಡಬ್ಲ್ಯೂಎಂ, ಡಬ್ಬಿ ಮೇಲೆ ಏನೇ ಬರೆದಿರಲಿ.

ಇನ್ನು ಪರೀಕ್ಷೆ ಶುರು ಮಾಡೋಣ. ಒಂದೊಂದು ಅಂಕಿಯನ್ನೂ ಹೊತ್ತಿನ ಸಮೇತ ಬರೆದುಕೊಳ್ಳುತ್ತ ಹೋಗಿ.

ಹಂತ 1: ಕಣ್ಣಿಂದ ನೋಡಿ

ಬೇವಿನ ಕೊಂಬೆಯ ನೆರಳು, ನೀರಿನ ಟ್ಯಾಂಕ್ ನೆರಳು, ಡಿಶ್ ನೆರಳು. ಗಾಜು ಒಡೆದಿದೆಯಾ, ಸೆಲ್ ಮೇಲೆ ಕಂದು ಸುಟ್ಟ ಕಲೆ ಇದೆಯಾ. ಆನೆಗುಂದಿ, ಗಂಗಾವತಿ ಕಡೆ ಕೋತಿಗಳು ಪ್ಲೇಟ್ ಮೇಲೆ ಹಾರುತ್ತವೆ, ಒಳಗೆ ಸೆಲ್ ಸೀಳುತ್ತದೆ. ತಂತಿಯನ್ನು ಇಲಿ, ಅಳಿಲು ಕಡಿದಿವೆಯಾ ನೋಡಿ.

ಧೂಳಿನ ಬಗ್ಗೆ ಒಂದು ಮಾತು. ಧೂಳು ವೋಲ್ಟೇಜ್ ಇಳಿಸುವುದು ಕಡಿಮೆ, ಕರೆಂಟ್ ಇಳಿಸುವುದು ಜಾಸ್ತಿ. ಸಂಡೂರು ಕಡೆಯ ಅದಿರಿನ ಕೆಂಪು ಧೂಳು, ಶಕ್ತಿನಗರದ ಹಾರುಬೂದಿ, ಸಿಂಧನೂರು, ಗಂಗಾವತಿಯ ರೈಸ್ ಮಿಲ್ ತೌಡಿನ ಧೂಳು, ಇವೆಲ್ಲ ಕೂತಾಗ ಮೀಟರ್ 20 ವೋಲ್ಟ್ ತೋರಿಸುತ್ತಲೇ ಇರುತ್ತದೆ, ಬ್ಯಾಟರಿ ಮಾತ್ರ ತುಂಬುವುದಿಲ್ಲ. ಬೆಳಿಗ್ಗೆ ಪ್ಲೇಟ್ ತಣ್ಣಗಿರುವಾಗ ತೊಳೆಯಿರಿ. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಸುರಿಯಬೇಡಿ, ಬಿರುಕು ಬಿಡಬಹುದು. ಬೋರ್ ನೀರು ಗಡಸಾಗಿದ್ದರೆ ಒಣಗಿದ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಕೂಡಲೇ ಬಟ್ಟೆಯಿಂದ ಒರೆಸಿ.

ಹಂತ 2: ಮೊದಲು ಬ್ಯಾಟರಿ ಅಳೆಯಿರಿ

ಪ್ಯಾನೆಲ್ ವಿಷಯ ಕೇಳಿದರೆ ಬ್ಯಾಟರಿ ಯಾಕೆ ಅನ್ನಬೇಡಿ. ಕಂಟ್ರೋಲರ್‌ಗೆ ಜೀವ ಬರುವುದೇ ಬ್ಯಾಟರಿಯಿಂದ.

12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ, ಅಂದರೆ ನಾವು ಹಾಕುವ ಟ್ಯೂಬುಲರ್ ಬ್ಯಾಟರಿ, ಸುಮ್ನೆ ಇದ್ದಾಗ 12.7 ತೋರಿಸಿದರೆ ತುಂಬಿದೆ. 12ಕ್ಕೆ ಬಂದರೆ ಬಹಳ ಇಳಿದಿದೆ. 10.5ಕ್ಕಿಂತ ಕೆಳಗೆ ಹೋಗಿದ್ದರೆ ಪೂರ್ತಿ ಬರಿದಾಗಿದೆ. ಕಂಟ್ರೋಲರ್ ಅದನ್ನು ಗುರುತಿಸದೆ ಚಾರ್ಜ್ ಶುರುವೇ ಮಾಡದಿರಬಹುದು. ತಾನೇ 12, 24 ಗುರುತಿಸುವ ಕಂಟ್ರೋಲರ್‌ಗಳಲ್ಲಿ ಇನ್ನೊಂದು ತೊಂದರೆ ಇದೆ. 24 ವೋಲ್ಟ್ ಜೋಡಿ ಬ್ಯಾಟರಿ ತೀರಾ ಇಳಿದಿದ್ದರೆ ಅದನ್ನು 12 ಅಂದುಕೊಂಡು, ತುಂಬಿಯಾಯಿತು ಅಂತ ಕೈಕಟ್ಟಿ ಕೂರುತ್ತದೆ. ಬ್ಯಾಟರಿಯನ್ನು ಹೊರಗೆ ಚಾರ್ಜ್ ಮಾಡಿಸಿ ತಂದು ಮತ್ತೆ ಜೋಡಿಸಿದರೆ ಸರಿಹೋಗುತ್ತದೆ.

ಬಿಸಿಲಲ್ಲಿ ಚಾರ್ಜ್ ಆಗುತ್ತಿರುವಾಗ ಎರಡು ಕಡೆ ಅಳೆಯಿರಿ: ಕಂಟ್ರೋಲರ್‌ನ ಬ್ಯಾಟರಿ ಸ್ಕ್ರೂಗಳ ಮೇಲೆ ಒಮ್ಮೆ, ಬ್ಯಾಟರಿಯ ಸೀಸದ ಕಂಬಗಳ ಮೇಲೆಯೇ ಒಮ್ಮೆ. ಕಂಟ್ರೋಲರ್ ಹತ್ತಿರ 14.4, ಬ್ಯಾಟರಿ ಮೇಲೆ 13.2 ಅಂತ ಬಂದರೆ ತಪ್ಪು ಸಿಕ್ಕಂತೆಯೇ. ಮಧ್ಯದ ತಂತಿ ತೆಳ್ಳಗಿದೆ, ಅಥವಾ ಫ್ಯೂಸ್ ಹೋಲ್ಡರ್ ಸಡಿಲ, ಅಥವಾ ಟರ್ಮಿನಲ್‌ಗೆ ಬಿಳಿ ಉಪ್ಪು ಹತ್ತಿದೆ. ಕಂಟ್ರೋಲರ್ ತನ್ನ ಸ್ಕ್ರೂ ಮೇಲಿನ ವೋಲ್ಟೇಜ್ ನೋಡಿ ಬ್ಯಾಟರಿ ತುಂಬಿತು ಅಂದುಕೊಂಡು ಕರೆಂಟ್ ತಗ್ಗಿಸುತ್ತದೆ. ಬ್ಯಾಟರಿ ಪಾಪ, ಅರೆಹೊಟ್ಟೆಯಲ್ಲೇ ಉಳಿಯುತ್ತದೆ.

ಹಂತ 3: ಪ್ಯಾನೆಲ್ ತಂತಿ ಬಿಚ್ಚಿ ಖಾಲಿ ವೋಲ್ಟೇಜ್ ಅಳೆಯಿರಿ

ಬಿಚ್ಚುವುದಕ್ಕೂ ಒಂದು ಕ್ರಮ ಇದೆ. ಮೊದಲು ಲೋಡ್, ಅಂದರೆ ಲೈಟು, ಫ್ಯಾನ್ ತಂತಿ. ಆಮೇಲೆ ಪ್ಯಾನೆಲ್. ಕೊನೆಗೆ ಬೇಕಿದ್ದರೆ ಬ್ಯಾಟರಿ. ಜೋಡಿಸುವಾಗ ಉಲ್ಟಾ: ಬ್ಯಾಟರಿ, ಪ್ಯಾನೆಲ್, ಲೋಡ್. ಪ್ಯಾನೆಲ್ ಬಿಸಿಲಲ್ಲಿ ಜೋಡಿಸಿದ್ದಾಗಲೇ ಬ್ಯಾಟರಿ ಕಿತ್ತರೆ 20 ವೋಲ್ಟ್ ನೇರ ಕಂಟ್ರೋಲರ್ ಒಳಗೂ, ಕೆಲವು ಸಲ ನಿಮ್ಮ ಲೈಟಿಗೂ ನುಗ್ಗುತ್ತದೆ. ಸುಟ್ಟ ಎಷ್ಟೋ ಕಂಟ್ರೋಲರ್‌ಗಳ ಹಿಂದೆ ಇದೇ ತಪ್ಪು ಇರುತ್ತದೆ.

ತಂತಿ ಬಿಚ್ಚುವ ಮುಂಚೆ ಪ್ಲೇಟ್ ಮೇಲೆ ಚಾದರ ಹೊದಿಸಿ. ಡಿಸಿ ಕಿಡಿ ಎಸಿ ಕಿಡಿಯ ಹಾಗೆ ತಾನೇ ಆರುವುದಿಲ್ಲ, ಎಳೆದಷ್ಟೂ ಉದ್ದವಾಗುತ್ತದೆ. ಬಿಚ್ಚಿದ ಮೇಲೆ ಎರಡೂ ತುದಿ ಒಂದಕ್ಕೊಂದು ತಾಗದ ಹಾಗೆ ದೂರ ಇಟ್ಟು, ಚಾದರ ತೆಗೆದು ಅಳೆಯಿರಿ. ಈ ಪರೀಕ್ಷೆಗೆ ಮಧ್ಯಾಹ್ನವೇ ಬೇಕಿಲ್ಲ, ಬೆಳಿಗ್ಗೆ ಒಂಬತ್ತು ಗಂಟೆ ಸಾಕು. ಮೇ ತಿಂಗಳ ಮಧ್ಯಾಹ್ನ ರಾಯಚೂರಿನ ಮಾಳಿಗೆ ಮೇಲೆ ಪ್ಲೇಟಿನ ಅಲ್ಯೂಮಿನಿಯಂ ಚೌಕಟ್ಟು ಕೈ ಸುಡುವಷ್ಟು ಕಾದಿರುತ್ತದೆ.

ಬಂದ ಅಂಕಿಯನ್ನು ಹೀಗೆ ಓದಿ. ಇಲ್ಲಿ 36 ಸೆಲ್ ಪ್ಲೇಟ್ ಲೆಕ್ಕ ಹಿಡಿದಿದ್ದೇನೆ.

ಮೈನಸ್ ಗುರುತಿನ ಜೊತೆ 20 ಬಂದರೆ: ಕಡ್ಡಿ ಉಲ್ಟಾ ಹಿಡಿದಿದ್ದೀರಿ, ಇಲ್ಲವೇ ತಂತಿಯೇ ಉಲ್ಟಾ. ಬಣ್ಣ ನಂಬಬೇಡಿ, ಮೀಟರ್ ನಂಬಿ. ಕರಿ ತಂತಿಗೆ ಪ್ಲಸ್ ಕೊಟ್ಟು ಹೋದ ಮೆಕ್ಯಾನಿಕ್‌ಗಳೂ ಇದ್ದಾರೆ.

ಸೊನ್ನೆ ಬಂದರೆ: ಎಲ್ಲೋ ತಂತಿ ತುಂಡಾಗಿದೆ, ಅಥವಾ ಎರಡು ತಂತಿ ಒಳಗೇ ಕೂಡಿ ಶಾರ್ಟ್ ಆಗಿದೆ. ಮಾಳಿಗೆಗೆ ಹತ್ತಿ ಪ್ಲೇಟ್ ಬುಡದ ಕನೆಕ್ಟರ್‌ನಲ್ಲೇ ಅಳೆಯಿರಿ. ಅಲ್ಲಿ ಬಂದರೆ ತಪ್ಪು ತಂತಿಯಲ್ಲಿದೆ.

10 ಅಥವಾ 11, ಅಂದರೆ ಸರಿಯಾಗಿ ಅರ್ಧ ಬಂದರೆ: ಇದು ಪ್ಲೇಟಿನದೇ ತಪ್ಪು. ಹಿಂದಿನ ಕಪ್ಪು ಡಬ್ಬಿಯೊಳಗೆ ಬೈಪಾಸ್ ಡಯೋಡ್ ಅಂತ ಇರುತ್ತದೆ. ಒಂದು ಭಾಗಕ್ಕೆ ನೆರಳು ಬಿದ್ದಾಗ ಕರೆಂಟನ್ನು ಪಕ್ಕದ ದಾರಿಯಿಂದ ಸಾಗಿಸುವ ಬಿಡಿಭಾಗ ಅದು. 36 ಸೆಲ್ ಪ್ಲೇಟ್‌ನಲ್ಲಿ ಸಾಮಾನ್ಯವಾಗಿ ಎರಡು ಇರುತ್ತವೆ. ಒಂದು ಶಾರ್ಟ್ ಆದರೆ ಅರ್ಧ ಸೆಲ್‌ಗಳ ವೋಲ್ಟೇಜ್ ಹೋಗುತ್ತದೆ. 60 ಮತ್ತು 72 ಸೆಲ್‌ನಲ್ಲಿ ಮೂರು ಇರುತ್ತವೆ, ಆದ್ದರಿಂದ ಅಲ್ಲಿ ಮೂರರಲ್ಲೊಂದು ಭಾಗ ಹೋಗುತ್ತದೆ: 38 ಇರಬೇಕಾದಲ್ಲಿ 25. ಸಿಡಿಲು ಹತ್ತಿರ ಬಿದ್ದ ಮೇಲೆ ಹೀಗಾಗುವುದುಂಟು. ವಾರಂಟಿ ಇದ್ದರೆ ಡಬ್ಬಿ ತೆರೆಯಬೇಡಿ. ವಾರಂಟಿ ಮುಗಿದಿದ್ದು, ಡಬ್ಬಿ ತೆರೆಯುವಂಥದ್ದಾಗಿದ್ದರೆ, ಗೊತ್ತಿರುವ ಟಿವಿ ರಿಪೇರಿಯವರು ಡಯೋಡ್ ಬದಲಿಸಿಕೊಡುತ್ತಾರೆ. ಪ್ಲೇಟ್ ಬದಲಿಸಬೇಕಿಲ್ಲ.

19 ಅಥವಾ 20 ಬಂದರೆ: ಬಹುತೇಕ ಸರಿ. ಲೇಬಲ್‌ನಲ್ಲಿ ಬರೆದಿರುವುದು ಸೆಲ್ 25 ಡಿಗ್ರಿ ಇದ್ದಾಗಿನ ಲೆಕ್ಕ. ನಮ್ಮಲ್ಲಿ ಬೇಸಿಗೆ ಮಧ್ಯಾಹ್ನ ಸೆಲ್ 65 ಡಿಗ್ರಿ ದಾಟುತ್ತದೆ. ಒಂದೊಂದು ಡಿಗ್ರಿಗೂ ಖಾಲಿ ವೋಲ್ಟೇಜ್ ಶೇಕಡಾ 0.3ರಷ್ಟು ಇಳಿಯುತ್ತದೆ. 40 ಡಿಗ್ರಿ ಹೆಚ್ಚಾದರೆ ಶೇಕಡಾ 12. ಹಾಗಾಗಿ 22 ಇದ್ದದ್ದು 19.4 ಆಗುತ್ತದೆ.

21, 22 ಬಂದರೆ: ಖುಷಿಪಡಿ, ಆದರೆ ಇಲ್ಲಿಗೇ ನಿಲ್ಲಿಸಬೇಡಿ. ಖಾಲಿ ವೋಲ್ಟೇಜ್ ಬೆಳಿಗ್ಗೆ ಏಳು ಗಂಟೆಯ ಎಳೆ ಬಿಸಿಲಲ್ಲೂ, ಮೋಡದಲ್ಲೂ ಹತ್ತಿರ ಹತ್ತಿರ ಇಷ್ಟೇ ಬರುತ್ತದೆ. ಪ್ಲೇಟ್‌ಗೆ ಬಲ ಇದೆಯಾ ಇಲ್ವಾ ಅನ್ನುವುದು ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 4: ಕರೆಂಟ್ ಎಷ್ಟು ಹರಿಯುತ್ತಿದೆ?

ಹಿಂದಿನ ರಾತ್ರಿ ಬ್ಯಾಟರಿ ಇಳಿಸಿರಬೇಕು. ಬ್ಯಾಟರಿ ತುಂಬಿದ್ದರೆ ಕಂಟ್ರೋಲರ್ ತಾನೇ ಕರೆಂಟ್ ತಗ್ಗಿಸುತ್ತದೆ, ಅದನ್ನು ಪ್ಲೇಟಿನ ತಪ್ಪು ಅನ್ನಬಾರದು. ಹನ್ನೊಂದರಿಂದ ಎರಡು ಗಂಟೆಯೊಳಗೆ, ಮೋಡ ಇಲ್ಲದಾಗ, ಎಲ್ಲ ಜೋಡಿಸಿದ ಸ್ಥಿತಿಯಲ್ಲೇ ಡಿಸಿ ಕ್ಲ್ಯಾಂಪನ್ನು ಒಂದು ಪ್ಯಾನೆಲ್ ತಂತಿಗೆ ಹಾಕಿ. ಕಂಟ್ರೋಲರ್ ಪರದೆಯಲ್ಲೇ ಆಂಪ್ ತೋರಿಸಿದರೆ ಅದನ್ನೂ ಬರೆದುಕೊಳ್ಳಿ.

ಲೇಬಲ್‌ನ ಐಎಸ್‌ಸಿಯ ಮುಕ್ಕಾಲು ಭಾಗ ಬಂದರೆ ಚೆನ್ನಾಗಿದೆ. 100 ವ್ಯಾಟ್ ಪ್ಲೇಟ್‌ಗೆ ಐಎಸ್‌ಸಿ ಸುಮಾರು 6 ಆಂಪ್, ಹಾಗಾಗಿ ನಾಲ್ಕೂವರೆ ಬಂದರೆ ಸಾಕು. ತೊಳೆದ ಪ್ಲೇಟ್, ನೆಟ್ಟ ಬಿಸಿಲು ಇದ್ದೂ ಅರ್ಧವೂ ಬರದಿದ್ದರೆ ಎಲ್ಲೋ ತೊಂದರೆ ಇದೆ.

ಕ್ಲ್ಯಾಂಪ್ ಇಲ್ಲದವರು ಪ್ಲೇಟನ್ನು ಪೂರ್ತಿ ಬಿಡಿಸಿ ಮಲ್ಟಿಮೀಟರ್‌ನ 10 ಆಂಪ್ ತೂತಿನಿಂದ ಅಳೆಯಬಹುದು. ಆದರೆ ಷರತ್ತುಗಳಿವೆ. ಒಂದೇ ಪ್ಲೇಟ್ ಇರಬೇಕು, ಅದರ ಐಎಸ್‌ಸಿ 8 ಆಂಪ್ ಒಳಗಿರಬೇಕು. ಈಗಿನ 500 ವ್ಯಾಟ್ ದಾಟಿದ ಪ್ಲೇಟ್‌ಗಳು 13, 14 ಆಂಪ್ ಕೊಡುತ್ತವೆ, ಮೀಟರ್ ಸುಟ್ಟುಹೋಗುತ್ತದೆ. ಚಾದರ ಹೊದಿಸಿ ಕಡ್ಡಿ ಜೋಡಿಸಿ, ಚಾದರ ತೆಗೆದು ಹತ್ತು ಸೆಕೆಂಡಿನಲ್ಲಿ ಓದಿ, ಮತ್ತೆ ಹೊದಿಸಿ ಬಿಡಿಸಿ. ಬ್ಯಾಟರಿಗೆ ಈ ರೀತಿ ಎಂದೂ ಮುಟ್ಟಿಸಬೇಡಿ. ಮುಗಿದ ಕೂಡಲೇ ಕೆಂಪು ಕಡ್ಡಿಯನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ.

ಹಂತ 5: ವೋಲ್ಟೇಜ್ ಇದೆ, ಕರೆಂಟ್ ಇಲ್ಲ. ಜೋಡಣೆ ನೋಡಿ

ನನ್ನ ಅನುಭವದಲ್ಲಿ ಪ್ಲೇಟಿಗಿಂತ ಹೆಚ್ಚು ಕೆಡುವುದು ಜೋಡಣೆ. ಗಂಗಾವತಿ ಕಡೆಯ ಒಂದು ಹೊಲದ ಮನೆಯಲ್ಲಿ ಖಾಲಿ ವೋಲ್ಟೇಜ್ 20.8 ಇತ್ತು. ಪ್ಯಾನೆಲ್ ತಂತಿಗಳಿಗೆ 12 ವೋಲ್ಟಿನ ಒಂದು ಹಳೆ ಬೈಕ್ ಬಲ್ಬ್ ಹಚ್ಚಿದೆ. ಬಲ್ಬ್ ಹೊತ್ತಲಿಲ್ಲ, ಮೀಟರ್ ಒಂದು ವೋಲ್ಟಿಗಿಂತ ಕೆಳಗೆ ಬಿತ್ತು. ಪ್ಲೇಟ್ ಬುಡದ ಎಂಸಿ4 ಕನೆಕ್ಟರ್, ಅಂದರೆ ಟಕ್ ಅಂತ ಕೂರುವ ಕಪ್ಪು ಕೊಳವೆಯಂಥ ಕೂಡು, ತೆಗೆದು ನೋಡಿದರೆ ಒಳಗೆ ತಂತಿಯ ಎಳೆಗಳನ್ನು ಒತ್ತಿಯೇ ಇರಲಿಲ್ಲ. ಪಿನ್ನಿನೊಳಗೆ ಸುಮ್ನೆ ತೂರಿಸಿ ಬಿಟ್ಟಿದ್ದರು. ಹದಿನೈದು ಇಪ್ಪತ್ತು ಎಳೆಗಳಲ್ಲಿ ಎರಡೋ ಮೂರೋ ಪಿನ್ನಿಗೆ ತಾಗುತ್ತಿದ್ದವು, ಉಳಿದವಕ್ಕೆ ಹಸಿರು ಕಿಲುಬು ಹಿಡಿದಿತ್ತು. ಮೀಟರ್‌ಗೆ ವೋಲ್ಟೇಜ್ ತೋರಿಸಲು ಅಷ್ಟು ತಾಗಿದರೂ ಸಾಕು. ಆಂಪ್ ಹರಿಯಲು ಸಾಲದು. ಅವರು ಅಷ್ಟರಲ್ಲಿ ಹೊಸ ಬ್ಯಾಟರಿ ತಂದಾಗಿತ್ತು.

ಆ ಬಲ್ಬ್ ಪರೀಕ್ಷೆ ನೀವೂ ಮಾಡಿ. 36 ಸೆಲ್ ಪ್ಲೇಟ್‌ಗೆ ಮಾತ್ರ, ಕೆಲವೇ ಸೆಕೆಂಡು. ಬಲ್ಬ್ ಜೋರಾಗಿ ಹೊತ್ತಿದರೆ ದಾರಿ ತೆರೆದಿದೆ. ಹೊತ್ತದಿದ್ದರೆ ಒಂದೊಂದೇ ಜೋಡಣೆ ತೆರೆಯುತ್ತ ಪ್ಲೇಟ್ ಕಡೆಗೆ ಹೋಗಿ. ತಿರುಚಿ ಟೇಪ್ ಸುತ್ತಿದ ಜಾಗ, ಬೆಚ್ಚಗೆ ತಾಗುವ ಕೂಡು, ಕರಗಿದ ಪ್ಲಾಸ್ಟಿಕ್, ಇವನ್ನು ಮೊದಲು ಅನುಮಾನಿಸಿ. ಎಂಸಿ4ಗೆ ಅದರದೇ ಒತ್ತುವ ಇಕ್ಕಳ ಬೇಕು, ಕಟಿಂಗ್ ಪ್ಲೇಯರ್‌ನಿಂದ ಚಪ್ಪಟೆ ಮಾಡಿದರೆ ಒಂದೇ ಮಳೆಗಾಲ ಬಾಳುತ್ತದೆ.

ಸರ್ವಿಸ್ ವೈರ್ ಉಳಿದಿತ್ತು ಅಂತ ಅಲ್ಯೂಮಿನಿಯಂ ತಂತಿ ಎಳೆಯುವವರಿದ್ದಾರೆ. ತಾಮ್ರಕ್ಕಿಂತ ಅದರಲ್ಲಿ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ತಾಮ್ರಕ್ಕೆ ಅದನ್ನು ನೇರ ತಿರುಚಿದರೆ ಕೂಡಿದ ಜಾಗ ಬೇಗ ಕಿಲುಬು ಹಿಡಿದು ಹಾಳಾಗುತ್ತದೆ.

ಹಂತ 6: ತಂತಿಯಲ್ಲಿ ಎಷ್ಟು ವೋಲ್ಟ್ ಕಳೆಯುತ್ತಿದೆ?

ಚಾರ್ಜ್ ಆಗುತ್ತಿರುವಾಗಲೇ ಮಾಡಬೇಕಾದ ಪರೀಕ್ಷೆ ಇದು. ಖಾಲಿ ಇದ್ದಾಗ ತಂತಿಯಲ್ಲಿ ಏನೂ ಹರಿಯುವುದಿಲ್ಲ, ಆದ್ದರಿಂದ ಏನೂ ಕಳೆಯುವುದಿಲ್ಲ. ಒಬ್ಬರು ಪ್ಲೇಟ್ ಹತ್ತಿರ, ಒಬ್ಬರು ಕಂಟ್ರೋಲರ್ ಹತ್ತಿರ ಅಳೆಯಿರಿ. ಒಂದೇ ಮೀಟರ್ ಇದ್ದರೆ ಬಿಸಿಲು ಬದಲಾಗುವ ಮೊದಲು ಬೇಗ ಎರಡೂ ಕಡೆ ಅಳೆಯಿರಿ.

ಲೆಕ್ಕವೂ ಕಷ್ಟ ಅಲ್ಲ. ಪ್ಲೇಟಿನಿಂದ ಕಂಟ್ರೋಲರ್‌ಗೆ 15 ಮೀಟರ್ ಇದ್ದರೆ ಹೋಗಿ ಬರುವ ತಂತಿ 30 ಮೀಟರ್. 8 ಆಂಪ್ ಹರಿದರೆ 2.5 ಸ್ಕ್ವೇರ್ ಎಂಎಂ ತಾಮ್ರದ ತಂತಿಯಲ್ಲಿ ಸುಮಾರು 1.7 ವೋಲ್ಟ್ ಕಳೆಯುತ್ತದೆ. 1.5ರ ಮನೆ ವೈರ್ ಹಾಕಿದರೆ 2.8. 4ರ ತಂತಿಯಲ್ಲಿ 1, 6ರ ತಂತಿಯಲ್ಲಿ 0.7.

ಒಂದೂವರೆ ವೋಲ್ಟ್ ಹೋದರೆ ಏನಂತೆ ಅನ್ನಬಹುದು. ಬೇರೆ ಕಡೆ ಪರವಾಗಿಲ್ಲ, ನಮ್ಮ ಕಡೆ ನಡೆಯುವುದಿಲ್ಲ. ಇಲ್ಲಿ ಸ್ವಲ್ಪ ನಿಂತು ನೋಡಿ.

12 ವೋಲ್ಟ್ ಪ್ಲೇಟಿನ ದುಡಿಯುವ ವೋಲ್ಟೇಜ್ 18. ದುಡಿಯುವ ವೋಲ್ಟೇಜ್ ಶಾಖಕ್ಕೆ ಇನ್ನೂ ಬೇಗ ಇಳಿಯುತ್ತದೆ, ಡಿಗ್ರಿಗೆ ಶೇಕಡಾ 0.4ರ ಹತ್ತಿರ. ಸೆಲ್ 65 ಡಿಗ್ರಿ ಆದಾಗ 18 ಇದ್ದದ್ದು 15 ಆಗುತ್ತದೆ. ತಂತಿಯಲ್ಲಿ 1.7 ಹೋಯಿತು. ಉಳಿದದ್ದು 13.3. ಬ್ಯಾಟರಿ ಪೂರ್ತಿ ತುಂಬಲು 14.4 ಬೇಕು, ಬಿಸಿ ದಿನಗಳಲ್ಲಿ ಕಂಟ್ರೋಲರ್ ಸ್ವಲ್ಪ ತಗ್ಗಿಸಿಕೊಂಡರೂ 14ರ ಆಸುಪಾಸು ಬೇಕೇ ಬೇಕು. ಪ್ಲೇಟ್ ಸರಿ ಇದೆ, ಕಂಟ್ರೋಲರ್ ಸರಿ ಇದೆ, ಬಿಸಿಲು ಧಾರಾಳ ಇದೆ. ಆದರೂ ಬ್ಯಾಟರಿ ತುಂಬುವುದಿಲ್ಲ. “ಚಳಿಗಾಲದಾಗ ಛಲೋ ಇತ್ರಿ, ಬ್ಯಾಸಗ್ಯಾಗ ಚಾರ್ಜ್ ಆಗವಲ್ದು” ಅನ್ನುವವರ ತೊಂದರೆ ಬಹುಪಾಲು ಇದೇ. ದಪ್ಪ ತಂತಿ ಹಾಕಿ, ಇಲ್ಲವೇ ಕಂಟ್ರೋಲರ್ ಮತ್ತು ಬ್ಯಾಟರಿಯನ್ನು ಪ್ಲೇಟ್ ಹತ್ತಿರಕ್ಕೆ ತನ್ನಿ. ಪ್ಲೇಟ್ ಮತ್ತು ಮಾಳಿಗೆಯ ಮಧ್ಯೆ ಗಾಳಿ ಆಡಲು ಜಾಗ ಬಿಡಿ. ತಗಡಿಗೆ ಅಂಟಿಸಿದ ಹಾಗೆ ಕೂರಿಸಿದ ಪ್ಲೇಟ್ ಇನ್ನೂ ಹೆಚ್ಚು ಕಾಯುತ್ತದೆ.

ಹಂತ 7: ಪ್ಲೇಟ್, ಬ್ಯಾಟರಿ ಜೋಡಿ ಹೊಂದುತ್ತಿದೆಯಾ?

60 ಸೆಲ್ ಪ್ಲೇಟಿನ ಕಥೆ ಈಗ. ಅಗ್ಗಕ್ಕೆ ಸಿಕ್ಕಿತು ಅಂತ ಇದನ್ನು 24 ವೋಲ್ಟ್ ಬ್ಯಾಟರಿಗೆ ಹಚ್ಚುತ್ತಾರೆ. ದುಡಿಯುವ ವೋಲ್ಟೇಜ್ 31, ನಮ್ಮ ಬೇಸಿಗೆಯಲ್ಲಿ 26ಕ್ಕೆ ಇಳಿಯುತ್ತದೆ. ಬ್ಯಾಟರಿಗೆ 28.8 ಬೇಕು. ಎಷ್ಟು ದಪ್ಪ ತಂತಿ ಹಾಕಿದರೂ ತುಂಬುವುದಿಲ್ಲ. ಎಂಪಿಪಿಟಿ ಹಾಕಿದರೂ ಆಗುವುದಿಲ್ಲ, ಯಾಕೆಂದರೆ ಸಾಮಾನ್ಯ ಎಂಪಿಪಿಟಿ ವೋಲ್ಟೇಜ್ ಇಳಿಸಬಲ್ಲದು, ಏರಿಸಲಾರದು. ಇಂಥ ಎರಡು ಪ್ಲೇಟ್ ಸಾಲಾಗಿ ಜೋಡಿಸಿ ಎಂಪಿಪಿಟಿಗೆ ಕೊಟ್ಟರೆ ಮಾತ್ರ ದಾರಿ.

ಉಲ್ಟಾ ತಪ್ಪೂ ಇದೆ. 330 ವ್ಯಾಟಿನ 72 ಸೆಲ್ ಪ್ಲೇಟನ್ನು ಪಿಡಬ್ಲ್ಯೂಎಂ ಮೂಲಕ 12 ವೋಲ್ಟ್ ಬ್ಯಾಟರಿಗೆ ಹಚ್ಚುವುದು. ಪ್ಲೇಟ್ 37 ವೋಲ್ಟ್‌ನಲ್ಲಿ 9 ಆಂಪ್ ಕೊಡುವಂಥದ್ದು. ಪಿಡಬ್ಲ್ಯೂಎಂ ಅದನ್ನು 13ಕ್ಕೆ ಎಳೆದು ಕೂರಿಸುತ್ತದೆ, ಆಂಪ್ ಅಷ್ಟೇ ಇರುತ್ತದೆ. 13ಕ್ಕೆ 9 ಗುಣಿಸಿದರೆ 117 ವ್ಯಾಟ್. ಕೊಟ್ಟ ದುಡ್ಡು 330ಕ್ಕೆ, ಸಿಕ್ಕಿದ್ದು ಮೂರರಲ್ಲೊಂದು ಭಾಗ. ಏನೂ ಕೆಟ್ಟಿರುವುದಿಲ್ಲ, ಆದ್ದರಿಂದ ಯಾರಿಗೂ ಗೊತ್ತಾಗುವುದೂ ಇಲ್ಲ. ಎಂಪಿಪಿಟಿ ನಿಜವಾಗಿ ಬೇಕಾಗುವುದು ಇಲ್ಲಿ.

ಎಂಪಿಪಿಟಿಗೆ ಪ್ಲೇಟ್ ಸಾಲು ಮಾಡುವಾಗ ಮೇಲಿನ ಮಿತಿ ನೋಡಿ. 100 ವೋಲ್ಟ್ ಮಿತಿಯ ಕಂಟ್ರೋಲರ್‌ಗೆ 49.5 ವಿಓಸಿ ಇರುವ ಎರಡು ಪ್ಲೇಟ್ ಸೇರಿಸಿದರೆ 99, ಲೆಕ್ಕಕ್ಕೆ ಸರಿ ಕಾಣುತ್ತದೆ. ಆದರೆ ಚಳಿಗೆ ವೋಲ್ಟೇಜ್ ಏರುತ್ತದೆ. ಡಿಸೆಂಬರ್ ಬೆಳಿಗ್ಗೆ ಸೆಲ್ 15 ಡಿಗ್ರಿ ಇದ್ದರೆ ಅದೇ 99 ಹೋಗಿ 102 ಆಗುತ್ತದೆ. ಬೇಸಿಗೆಯಲ್ಲಿ ಕೂರಿಸಿದ ಕಂಟ್ರೋಲರ್ ಚಳಿಗಾಲದ ಒಂದು ಬೆಳಿಗ್ಗೆ ಸತ್ತು ಬಿದ್ದರೆ ಕಾರಣ ಇದು.

ಹಂತ 8: ಕಂಟ್ರೋಲರ್ ಮೇಲೆ ಅನುಮಾನ ಕೊನೆಗೆ

ಬ್ಯಾಟರಿ ಹಸಿದಿದೆ, ಖಾಲಿ ವೋಲ್ಟೇಜ್ ಸರಿ, ಬಲ್ಬ್ ಜೋರಾಗಿ ಹೊತ್ತುತ್ತದೆ, ಸ್ಕ್ರೂ ಬಿಗಿ ಇದೆ. ಆದರೂ ಪ್ಯಾನೆಲ್ ಜೋಡಿಸಿದಾಗ ವೋಲ್ಟೇಜ್ 20ರಲ್ಲೇ ನಿಂತಿದೆ, ಆಂಪ್ ಸೊನ್ನೆ. ಆಗ ಕಂಟ್ರೋಲರ್ ಒಳಗಿನ ಸ್ವಿಚ್ ಆಫ್ ಆಗಿಯೇ ಉಳಿದಿದೆ. ಒಂದು ಸಲ ಕ್ರಮವಾಗಿ ಎಲ್ಲ ಬಿಚ್ಚಿ, ಐದು ನಿಮಿಷ ಬಿಟ್ಟು, ಬ್ಯಾಟರಿಯಿಂದ ಶುರು ಮಾಡಿ ಜೋಡಿಸಿ ನೋಡಿ. ಹಾಗೂ ಬರದಿದ್ದರೆ ಬದಲಿಸಿ.

ಇದರ ಉಲ್ಟಾ ಹೆಚ್ಚು ಅಪಾಯ. ಆ ಸ್ವಿಚ್ ಆನ್ ಆಗಿಯೇ ಉಳಿದರೆ ಬ್ಯಾಟರಿಗೆ ತಡೆಯೇ ಇಲ್ಲದೆ ಚಾರ್ಜ್ ಹೋಗುತ್ತದೆ. 15 ವೋಲ್ಟ್ ದಾಟುತ್ತದೆ, ನೀರು ಕುದಿದಂತೆ ಗುಳ್ಳೆ ಬರುತ್ತದೆ, ಕೋಣೆಯಲ್ಲಿ ಕೊಳೆತ ಮೊಟ್ಟೆಯಂಥ ವಾಸನೆ ಬರಬಹುದು. ಹಾಗಾದರೆ ಬೀಡಿ, ದೀಪ ಹತ್ತಿರ ತರಬೇಡಿ, ಲೈಟು, ಫ್ಯಾನ್ ಸ್ವಿಚ್ ಕೂಡ ಒತ್ತಬೇಡಿ. ಕಿಟಕಿ ಬಾಗಿಲು ತೆರೆಯಿರಿ, ಪ್ಲೇಟ್‌ಗೆ ತಾಡಪಾಲು ಹೊದಿಸಿ. ಗಾಳಿ ಆಡಿ ವಾಸನೆ ಹೋದ ಮೇಲೆ ಪ್ಯಾನೆಲ್ ತಂತಿ ಬಿಚ್ಚಿ. ಈ ತಪ್ಪನ್ನು ರಾತ್ರಿಯೂ ಕಂಡುಹಿಡಿಯಬಹುದು. ಕತ್ತಲಾದ ಮೇಲೆ ಎಲ್ಲ ಜೋಡಿಸಿದ ಸ್ಥಿತಿಯಲ್ಲಿ ಕಂಟ್ರೋಲರ್‌ನ ಪ್ಯಾನೆಲ್ ಪ್ಲಸ್ ಮತ್ತು ಪ್ಯಾನೆಲ್ ಮೈನಸ್ ಮಧ್ಯೆ ಅಳೆಯಿರಿ. ಸೊನ್ನೆಯ ಹತ್ತಿರ ಇರಬೇಕು. ಪೂರ್ತಿ ಬ್ಯಾಟರಿ ವೋಲ್ಟೇಜ್ ಕಂಡರೆ ಸ್ವಿಚ್ ಅಂಟಿಕೊಂಡಿದೆ. ಪ್ಯಾನೆಲ್ ಪ್ಲಸ್ ಹಿಡಿದು ಬ್ಯಾಟರಿ ಮೈನಸ್‌ಗೆ ಅಳೆಯಬೇಡಿ. ಅನೇಕ ಕಂಟ್ರೋಲರ್‌ಗಳಲ್ಲಿ ಪ್ಲಸ್ ಒಳಗೇ ಕೂಡಿರುತ್ತದೆ, ತಪ್ಪು ಅಂಕಿ ಬರುತ್ತದೆ.

ಅಂಗಡಿಗೆ ಹೋಗುವಾಗ

ಪ್ಲೇಟಿನ ತಪ್ಪು ಅಂತ ಖಚಿತವಾದರೆ ಬಿಲ್ಲು, ಲೇಬಲ್ ಮತ್ತು ಸೀರಿಯಲ್ ನಂಬರಿನ ಫೋಟೋ, ಮೀಟರ್ ಅಂಕಿ ಕಾಣುವ ಫೋಟೋ ತೆಗೆದುಕೊಂಡು ಹೋಗಿ. ಬರೆದಿಟ್ಟ ಹಾಳೆಯೂ ಜೊತೆಗಿರಲಿ: ಅಳೆದ ಹೊತ್ತು, ಬ್ಯಾಟರಿ ವೋಲ್ಟೇಜ್, ಖಾಲಿ ವೋಲ್ಟೇಜ್, ಚಾರ್ಜ್ ಆಗುವಾಗಿನ ಪ್ಯಾನೆಲ್ ವೋಲ್ಟೇಜ್, ಆಂಪ್. “ಸರಿಯಾಗಿ ಚಾರ್ಜ್ ಆಗಲ್ಲ” ಅಂತ ಮಾತ್ರ ಹೇಳಿದರೆ ಹೊಸ ಬ್ಯಾಟರಿ ತಗೊಳ್ಳಿ ಅನ್ನುತ್ತಾರೆ. “38 ಬರಬೇಕಾದಲ್ಲಿ 25 ಬರ್ತಿದೆ, ಪ್ಲೇಟ್ ಬುಡದಲ್ಲೇ ಅಳೆದಿದ್ದೇನೆ” ಅಂದರೆ ಮಾತು ನೇರ ಡಯೋಡ್‌ಗೆ ಬರುತ್ತದೆ. ಆ ಹಾಳೆಯ ಒಂದು ನಕಲು ಕಂಟ್ರೋಲರ್ ಪಕ್ಕದ ಗೋಡೆಗೆ ಅಂಟಿಸಿಡಿ. ಮುಂದಿನ ಬೇಸಿಗೆಗೆ ಹೋಲಿಸಲು ಬೇಕಾಗುತ್ತದೆ.